ಪಿಕ್ಚರ್ ಹೆಂಗಿತ್ತು ಅಂತ ಕೇಳಿದ್ರೆ ಬರೀ 'ಸೂಪರ್' ಅನ್ಬೇಡಿ, ಹಿಂಗ್ ಹೇಳಿ

ಶನಿವಾರ ಬೆಳಗ್ಗೆ ಆದ್ರೆ ಸಾಕು, ನಮ್ಮನೆ ವಾಟ್ಸಾಪ್ ಗ್ರೂಪಲ್ಲಿ ಚಿಕ್ಕಮ್ಮನ ಮೆಸೇಜ್ ಬಂದೇ ಬರುತ್ತೆ, "ನಿನ್ನೆ ಬಂತಲ್ಲ ಆ ಪಿಕ್ಚರು, ಯಾರಾದ್ರೂ ನೋಡಿದ್ರೇನ್ರೇ, ಹೆಂಗಿದೆ?" ಅಂತ. ಅದಕ್ಕೆ ಬರೋ ಉತ್ತರ ನೋಡಿ. ಒಬ್ಬ "ಸೂಪರ್" ಅಂತಾನೆ, ಇನ್ನೊಬ್ಳು "ಸುಮಾರು", ಮತ್ತೊಬ್ರು "ಒನ್ ಟೈಮ್ ವಾಚ್", ಅಣ್ಣ ಬೆಂಕಿ ಇಮೋಜಿ ಮೂರು ಹಾಕಿ ಸುಮ್ನಾಗ್ತಾನೆ. ಇಷ್ಟರಲ್ಲಿ ಚಿಕ್ಕಮ್ಮಂಗೆ ಗೊತ್ತಾಗಿದ್ದೇನು? ಏನೂ ಇಲ್ಲ. ಅವ್ರ ಮನೇಲಿ ಎರಡು ಮಕ್ಳು, ಚಿಕ್ಕಪ್ಪಂಗೆ ಭಾನುವಾರ ಒಂದೇ ರಜ, ನಾಲ್ಕು ಟಿಕೆಟ್ಟು ಪಾಪ್‌ಕಾರ್ನು ಆಟೋ ಎಲ್ಲಾ ಸೇರಿ ಮಾಲಲ್ಲಿ ಆದ್ರೆ ಆರಾಮಾಗಿ ಎರಡು ಸಾವಿರ ಹಾರೋಗುತ್ತೆ. 2025ರ ಸೆಪ್ಟೆಂಬರಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ಆದೇಶ ಮಾಡ್ದಾಗ ಅವ್ರಿಗಾದ ಖುಷಿ ಅಷ್ಟಿಷ್ಟಲ್ಲ, ಆಮೇಲೆ ಅದೇ ತಿಂಗಳು ಹೈಕೋರ್ಟ್ ತಡೆ ಕೊಡ್ತು, ಅದು ಬೇರೆ ಕಥೆ. ಅಂಥವ್ರು ಕೇಳಿದಾಗ ನಾವ್ ಹೇಳೋ ನಾಕ್ ಮಾತು ಅವ್ರ ಭಾನುವಾರನ ಉಳಿಸ್ಬೋದು, ಇಲ್ಲ ಒಳ್ಳೆ ಪಿಕ್ಚರೊಂದನ್ನ ಅವ್ರಿಗೆ ತಪ್ಪಿಸ್ಬೋದು. ಅದಕ್ಕೇ ಇದನ್ನ ಬರೀತಿದೀನಿ, ದೊಡ್ಡ ವಿಮರ್ಶೆ ಬರೆಯೋರಿಗಲ್ಲ, ನಮ್ ನಿಮ್ಮಂಗೆ ಫ್ರೆಂಡ್ಸ್‌ಗೆ ಮನೆಯವ್ರಿಗೆ ಪಿಕ್ಚರ್ ಬಗ್ಗೆ ಹೇಳೋರಿಗೆ.

ಮೊದಲ್ನೇದು, ಇಂಟರ್ವಲ್ಲಲ್ಲಿ ಏನೂ ಟೈಪ್ ಮಾಡ್ಬೇಡಿ. ನಮ್ ಕಡೆ ಪಿಕ್ಚರ್‌ಗಳಲ್ಲಿ ಇಂಟರ್ವಲ್ ಬ್ಲಾಕ್ ಅನ್ನೋದನ್ನ, ಅಂದ್ರೆ ಇಂಟರ್ವಲ್ಲಿಗೆ ಸ್ವಲ್ಪ ಮುಂಚಿನ ಸೀನುಗಳನ್ನ, ಕಟ್ಟೋದೇ ನಾವು ಎದ್ದು ಕಾಫಿಗೆ ಹೋಗೋವಾಗ ಮೈ ಜುಮ್ ಅಂತಿರ್ಲಿ ಅಂತ. ಆ ಜುಮ್ಮಲ್ಲೇ "ಫಸ್ಟ್ ಹಾಫ್ ಬೆಂಕಿ" ಅಂತ ಹಾಕಿಬಿಡ್ತೀವಿ, ಆಮೇಲೆ ಸೆಕೆಂಡ್ ಹಾಫ್ ಕುಸಿದ್ರೂ ಆ ಮೆಸೇಜ್ ಅಲ್ಲೇ ಇರುತ್ತೆ, ಅದನ್ನ ಓದಿ ಇನ್ನಿಬ್ರು ಟಿಕೆಟ್ ಬುಕ್ ಮಾಡಿರ್ತಾರೆ. ಉಲ್ಟಾನೂ ಆಗುತ್ತೆ, ನಿಧಾನಕ್ಕೆ ಬೇರು ಬಿಡೋ ಪಿಕ್ಚರ್‌ಗಳಿಗೆ ಮೊದಲರ್ಧ ನೋಡಿ "ಬೋರು" ಅಂದ್ಬಿಡ್ತೀವಿ. ಹೊರಗ್ ಬಂದು ಒಂದು ಟೀ ಕುಡ್ದು, ಮನೆ ತಲುಪೋ ಹೊತ್ತಿಗೆ ತಲೇಲಿ ಯಾವ ಸೀನ್ ಇನ್ನೂ ಓಡ್ತಿದೆ ಅಂತ ನೋಡ್ಕೊಳ್ಳಿ. ಅದೇ ನಿಮ್ಮ ರಿವ್ಯೂನ ಮುಖ್ಯ ಸರಕು. ಏನೂ ಓಡ್ತಿಲ್ಲ ಅಂದ್ರೆ ಅದೂ ಒಂದು ಉತ್ತರನೇ, ಹಂಗೇ ಹೇಳಿ, "ನೋಡೋವಾಗ ಟೈಂಪಾಸ್ ಆಯ್ತು, ಮನೆಗ್ ಬರೋಷ್ಟರಲ್ಲಿ ಮರ್ತೋಯ್ತು".

ಎರಡ್ನೇದು ನನಗೆ ತುಂಬಾ ಮುಖ್ಯ ಅನ್ಸೋದು, ಎಲ್ಲಿ ನೋಡಿದ್ರಿ ಹೆಂಗ್ ನೋಡಿದ್ರಿ ಅನ್ನೋದನ್ನ ಹೇಳಲೇಬೇಕು. ಇದನ್ನ ನಾನು ಕಲ್ತಿದ್ದು ತಪ್ಪು ಮಾಡಿ. ಕೆಲವು ವರ್ಷದ ಹಿಂದೆ ಒಂದು ಚಿಕ್ಕ ಬಜೆಟ್ಟಿನ ಕನ್ನಡ ಪಿಕ್ಚರ್‌ಗೆ ಹೋಗಿದ್ದೆ, ಹೊಸ ಹುಡುಗ್ರು ಮಾಡಿದ್ದು. ಆ ಥಿಯೇಟರಲ್ಲಿ ಎಡಗಡೆ ಸ್ಪೀಕರ್ ಸತ್ತಿತ್ತು, ಮಾತೆಲ್ಲಾ ಬಾವಿ ಒಳಗಿಂದ ಬಂದಂಗೆ ಕೇಳ್ತಿತ್ತು, ಪರದೆ ಮೇಲೆ ರಾತ್ರಿ ಸೀನ್ ಬಂದ್ರೆ ಬರೀ ಕತ್ಲೆ. ಹೊರಗ್ ಬಂದು ಸಿಟ್ಟಲ್ಲಿ ಎರಡು ಗ್ರೂಪಿಗೂ "ಡಬ್ಬಾ, ಹೋಗ್ಬೇಡಿ, ಏನ್ ಮಾತಾಡ್ತಾರೆ ಅಂತಾನೇ ಗೊತ್ತಾಗಲ್ಲ" ಅಂತ ಕಳ್ಸಿದೆ. ಹೋಗ್ಬೇಕು ಅಂದ್ಕೊಂಡಿದ್ದ ಐದಾರು ಜನ ಹೋಗ್ಲಿಲ್ಲ. ನಾಲ್ಕೈದು ತಿಂಗಳಾದ್ಮೇಲೆ ಅದು ಓಟಿಟಿಗೆ, ಅಂದ್ರೆ ಮನೇಲೇ ಆನ್‌ಲೈನಲ್ಲಿ ನೋಡೋ ಆಪಿಗೆ ಬಂತು, ಹೆಡ್‌ಫೋನ್ ಹಾಕ್ಕೊಂಡು ಸುಮ್ನೆ ಹಾಕಿ ನೋಡ್ತೀನಿ, ಎಂಥಾ ಸಂಭಾಷಣೆ ಗೊತ್ತಾ, ಒಂದೊಂದ್ ಮಾತೂ ಅಳೆದು ತೂಗಿ ಬರೆದಿದ್ರು, ಆ ಕತ್ಲೆ ಅಂದ್ಕೊಂಡಿದ್ದ ಸೀನಲ್ಲಿ ಅಜ್ಜಿ ಒಬ್ರು ಗೋಡೆ ತಡವಿಕೊಂಡು ಸೀಮೆಎಣ್ಣೆ ಬುಡ್ಡಿ ಹುಡುಕೋದು ಪೂರ್ತಿ ಕಾಣ್ತಿತ್ತು. ಅಷ್ಟೊತ್ತಿಗೆ ಅದು ಥಿಯೇಟರಿಂದ ಎದ್ದೋಗಿ ಎಷ್ಟೋ ಕಾಲ ಆಗಿತ್ತು. ನಾನು ಬೈಬೇಕಾಗಿದ್ದು ಆ ಸ್ಪೀಕರ್‌ಗೆ, ಬೈದಿದ್ದು ಪಿಕ್ಚರ್‌ಗೆ. ಇವತ್ತಿಗೂ ಬೇಜಾರಾಗುತ್ತೆ ಅದು ನೆನಪಾದ್ರೆ.

ಅವತ್ತಿಂದ ನಾನು ಏನ್ ಹೇಳಿದ್ರೂ ಮೊದ್ಲು ಇಷ್ಟು ಸೇರಿಸ್ತೀನಿ, ಸಿಂಗಲ್ ಸ್ಕ್ರೀನಾ ಮಾಲಾ, ಮೊದಲ ದಿನನಾ ಎರಡನೇ ವಾರನಾ, ಯಾರ್ ಜೊತೆ, ಹಾಲ್ ತುಂಬಿತ್ತಾ ಖಾಲಿನಾ. ಯಾಕಂದ್ರೆ ಮಾಗಡಿ ರೋಡಿನ ವೀರೇಶಲ್ಲೋ ರಾಜಾಜಿನಗರದ ನವರಂಗಲ್ಲೋ ದೊಡ್ಡ ಸ್ಟಾರ್ ಪಿಕ್ಚರ್ ಮೊದಲನೇ ಶೋ ನೋಡೋದೇ ಒಂದು ಹಬ್ಬ, ಎಂಟ್ರಿ ಸೀನಿಗೆ ಪೇಪರ್ ಚೂರು ಹಾರುತ್ತೆ, ಶಿಳ್ಳೆಗೆ ಡೈಲಾಗೇ ಕೇಳಲ್ಲ, ಪಕ್ಕದವ್ನು ಯಾರೋ ಏನೋ ತಬ್ಕೊಂಡ್ ಬಿಡ್ತಾನೆ. ಆ ಖುಷಿ ಪಿಕ್ಚರಿಂದಾ ಜನರಿಂದಾ ಅಂತ ನಮಗೇ ಗೊತ್ತಾಗಲ್ಲ. ಅದನ್ನ ಬಿಡಿಸಿ ಹೇಳಿ, "ನಾನ್ ನೋಡಿದ್ದು ಫ್ಯಾನ್ಸ್ ಶೋ, ಗಲಾಟೆ ಸಕ್ಕತ್ತಾಗಿತ್ತು, ಆದ್ರೆ ಮನೇಲಿ ಕೂತು ನೋಡಿದ್ರೆ ಇಷ್ಟೇ ಮಜಾ ಬರುತ್ತೆ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ" ಅಂತ. ಕೇಳೋರಿಗೆ ಇದು ಎಷ್ಟು ಉಪಯೋಗ ಅಂತ ನಿಮಗ್ ಗೊತ್ತಿಲ್ಲ. (ಜಯನಗರದವ್ರು, ಸದಾಶಿವನಗರದ ಕಡೆಯವ್ರು ಬೇರೆ ಬೇರೆ ಥಿಯೇಟರ್ ಹೆಸರು ಹೇಳ್ತಾರೆ, ಅವ್ರವ್ರ ಥಿಯೇಟರ್ ಅವ್ರವ್ರಿಗೆ. ಸದಾಶಿವನಗರದ ಕಾವೇರಿ 1974ರಿಂದ ಇದ್ದಿದ್ದು 2024ರಲ್ಲಿ ಮುಚ್ಚೋಯ್ತು, ನನ್ ಫ್ರೆಂಡ್ ಅವತ್ತು ಪೂರ್ತಿ ದಿನ ಸರಿಯಾಗಿ ಊಟನೇ ಮಾಡ್ಲಿಲ್ಲ.)

ಓಟಿಟಿಲಿ ನೋಡಿದ್ರೆ ಅದನ್ನೂ ಹೇಳಿ. ಇದು ಬರೀ ಪರದೆ ದೊಡ್ಡದಾ ಚಿಕ್ಕದಾ ಅನ್ನೋ ಪ್ರಶ್ನೆ ಅಲ್ಲ. ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಥಿಯೇಟರ್‌ಗೆ ಬಂದಾಗ ಕೊನೇಲಿ ವರಾಹ ರೂಪಂ ಹಾಡು ಕೇಳಿ ಜನ ಕುರ್ಚಿ ಬಿಟ್ಟು ಏಳ್ತಿರ್ಲಿಲ್ಲ, ಆದ್ರೆ ಆ ಹಾಡಿನ ಮೇಲೆ ಕಾಪಿರೈಟ್ ಕೇಸ್ ಇದ್ದಿದ್ರಿಂದ ನವೆಂಬರಲ್ಲಿ ಓಟಿಟಿಗೆ ಬಂದಾಗ ಮೊದಮೊದಲು ಅದೇ ಜಾಗದಲ್ಲಿ ಬೇರೆ ಟ್ಯೂನ್ ಇತ್ತು. ಆಗ ನಮ್ ಆಫೀಸಲ್ಲಿ ಇಬ್ರು ಕ್ಲೈಮ್ಯಾಕ್ಸ್ ಬಗ್ಗೆ ಅರ್ಧ ಗಂಟೆ ಜಗಳ ಆಡಿದ್ರು, "ಅಷ್ಟೇನ್ ಇಲ್ಲ ಬಿಡೋ" "ಏಯ್ ಮೈ ಜುಮ್ಮಂತು ಕಣೋ" ಅಂತ, ಕೊನೆಗ್ ನೋಡಿದ್ರೆ ಒಬ್ಬ ನೋಡಿದ್ದು ಥಿಯೇಟರಲ್ಲಿ, ಇನ್ನೊಬ್ಬ ನೋಡಿದ್ದು ಮೊಬೈಲಲ್ಲಿ ಬೇರೆ ಟ್ಯೂನ್ ಇರೋದನ್ನ. ಇಬ್ರೂ ಸರಿನೇ, ಇಬ್ರೂ ಬೇರೆ ಬೇರೆ ಕ್ಲೈಮ್ಯಾಕ್ಸ್ ನೋಡಿದ್ರು.

ಈಗ ಅಸಲಿ ವಿಷ್ಯಕ್ಕೆ ಬರೋಣ. ಒಂದು ಸೀನ್ ಹೇಳಿ. ಒಂದೇ ಒಂದು. ಇಡೀ ಕಥೆ ಬೇಡ, ನಟನೆ ಚೆನ್ನಾಗಿದೆ ಕ್ಯಾಮೆರಾ ಚೆನ್ನಾಗಿದೆ ಬಿಜಿಎಂ (ಹಿನ್ನೆಲೆ ಸಂಗೀತ) ಚೆನ್ನಾಗಿದೆ ಅಂತ ಪಟ್ಟಿ ಬೇಡ, ಅದನ್ನ ಯಾವ್ ಪಿಕ್ಚರ್‌ಗ್ ಬೇಕಾದ್ರೂ ಹೇಳ್ಬೋದು. ಕಥೆಯ ಗುಟ್ಟು ಬಿಡದೇ ಇರೋ ಒಂದು ಸೀನ್ ಹಿಡ್ಕೊಂಡು, ಅಲ್ಲಿ ಏನಾಯ್ತು, ನಿಮಗೇನಾಯ್ತು ಅಂತ ಎರಡು ಸಾಲು ಹೇಳಿ, ಕೇಳೋರಿಗೆ ಪಿಕ್ಚರ್‌ನ ರುಚಿ ಗೊತ್ತಾಗೋಗುತ್ತೆ. ಉದಾಹರಣೆಗೆ ಗರುಡ ಗಮನ ವೃಷಭ ವಾಹನ, ಅದು 2021ರ ನವೆಂಬರಲ್ಲಿ ಬಂದಿದ್ದು, ಇಷ್ಟು ವರ್ಷ ಆಯ್ತಲ್ಲ, ಈಗ ಸೀನ್ ಹೇಳಿದ್ರೆ ತಪ್ಪಿಲ್ಲ. ನಾನು ಆಗ ನನ್ ತಂಗಿಗೆ ಕಳ್ಸಿದ್ದು ಹೆಚ್ಚುಕಮ್ಮಿ ಹಿಂಗೆ:

"ಮಂಗಳೂರಿನ ರೌಡಿಗಳ ಕಥೆ ಕಣೇ, ಆದ್ರೆ ನಾವು ನೋಡಿರೋ ರೌಡಿ ಪಿಕ್ಚರ್ ಥರ ಇಲ್ಲ. ಒಂದು ಕೊಲೆ ಆದ್ಮೇಲೆ ರಾಜ್ ಬಿ ಶೆಟ್ಟಿ ಮಳೇಲಿ ಕುಣೀತಾರೆ, ಹುಲಿವೇಷದ ಹೆಜ್ಜೆ, ಹಿಂದೆ ಬರ್ತಿರೋದು ಸೋಜುಗದ ಸೂಜು ಮಲ್ಲಿಗೆ. ಅಜ್ಜಿ ಹೇಳ್ತಿದ್ದ ಮಾದಪ್ಪನ ಹಾಡು. ನಂಗೆ ಕೈಮುಗಿಬೇಕು ಅನ್ನಿಸ್ತು, ಅದೇ ಟೈಮಲ್ಲಿ ಹೆದ್ರಿಕೆನೂ ಆಯ್ತು. ರಕ್ತ ಜಾಸ್ತಿ, ಅಮ್ಮನ್ ಕರ್ಕೊಂಡ್ ಹೋಗ್ಬೇಡ."

ನೋಡಿ, ಇದ್ರಲ್ಲಿ ಕಥೆ ಏನಂತ ಹೇಳಿಲ್ಲ, ಯಾರು ಬದುಕ್ತಾರೆ ಯಾರು ಸಾಯ್ತಾರೆ ಗೊತ್ತಾಗಲ್ಲ, ಆದ್ರೆ ಇದು ನನಗಾ ಅಲ್ವಾ ಅಂತ ತಂಗಿಗೆ ಗೊತ್ತಾಯ್ತು. ಅವ್ಳು ಮಾರನೇ ದಿನನೇ ಹೋದ್ಲು, ಅಮ್ಮನ್ ಬಿಟ್ಟು. ಸೀನ್ ಹೇಳೋವಾಗ ಕಣ್ಣಿಗೆ ಕಂಡಿದ್ದು ಕಿವಿಗೆ ಕೇಳಿದ್ದು ಹೇಳಿ, ಮಳೆ, ಹೆಜ್ಜೆ, ಹಾಡು. "ಭಾವನಾತ್ಮಕ ದೃಶ್ಯಗಳು ಮನಮುಟ್ಟುತ್ತವೆ" ಅಂತ ಪತ್ರಿಕೆಯವ್ರ ಥರ ಬರೆದ್ರೆ ಯಾರಿಗೂ ಏನೂ ಮುಟ್ಟಲ್ಲ.

ಗುಟ್ಟು ಬಿಡೋ ವಿಚಾರ. ಯಾವ್ದು ಗುಟ್ಟು ಅಂತ ಗೊತ್ತಾಗ್ದೇ ಇದ್ದಾಗ ನಾನ್ ಹಾಕ್ಕೊಂಡಿರೋ ಲೆಕ್ಕ ಸಿಂಪಲ್ಲು, ಮೊದಲ ಅರ್ಧ ಗಂಟೇಲಿ ಬರೋದನ್ನ ಹೇಳ್ಬೋದು, ಟ್ರೈಲರಲ್ಲಿ ಇರೋದನ್ನ ಹೇಳ್ಬೋದು, ಅದರಾಚೆಗಿಂದು ಕೇಳೋರು ಪಿಕ್ಚರ್ ನೋಡೋವರ್ಗೂ ನನ್ ಹತ್ರನೇ ಇರುತ್ತೆ. ಅತಿಥಿ ಪಾತ್ರದಲ್ಲಿ ಯಾರ್ ಬರ್ತಾರೆ ಅನ್ನೋದಂತೂ ಬಾಯಿ ಬಿಡಲೇಬಾರ್ದು. "ಕೊನೇಲಿ ಒಂದು ಟ್ವಿಸ್ಟ್ ಇದೆ, ಅದನ್ನ ಹೇಳಲ್ಲ" ಅಂತಾರಲ್ಲ ಕೆಲವ್ರು, ಅದೂ ಗುಟ್ಟು ಬಿಟ್ಟಂಗೇ, ಪಾಪ ಕೇಳ್ದೋರು ಮೂರು ಗಂಟೆ ಪೂರ್ತಿ ಆ ಟ್ವಿಸ್ಟ್ ಎಲ್ಲಿದೆ ಅಂತ ಹುಡುಕ್ತಾ ಕೂತಿರ್ತಾರೆ. ಸು ಫ್ರಮ್ ಸೋ ಬಂದಾಗ ಆ ಹೆಸರಿನ ಪೂರ್ತಿ ರೂಪ ಏನು ಅನ್ನೋದನ್ನೂ ಹೇಳ್ಬಾರ್ದು ಅಂತ ನಾನು ಗ್ರೂಪಲ್ಲಿ ಹಠ ಹಿಡಿದಿದ್ದೆ, ಅದು ಥಿಯೇಟರಲ್ಲಿ ಗೊತ್ತಾಗೋವಾಗ ಬರೋ ನಗುನೇ ಬೇರೆ.

ಆದ್ರೆ ಒಂದ್ ಮಾತು. ಗುಟ್ಟಿಗಿಂತ ಮನುಷ್ಯರು ದೊಡ್ಡವ್ರು. 2022ರ ಜೂನಲ್ಲಿ 777 ಚಾರ್ಲಿ ಬಂದಾಗ ನನ್ ಜೊತೆ ಓದಿದವ್ಳೊಬ್ಳು ಫೋನ್ ಮಾಡಿ ಕೇಳಿದ್ಲು, ಹೆಂಗಿದೆ ಹೋಗ್ಲಾ ಅಂತ. ಅವ್ಳ ಮನೇಲಿ ಹನ್ನೆರಡು ವರ್ಷ ಸಾಕಿದ್ದ ನಾಯಿ ತೀರ್ಕೊಂಡು ಆಗ ಇನ್ನೂ ತಿಂಗಳಾಗಿರ್ಲಿಲ್ಲ, ಅದರ ತಟ್ಟೆ ಇನ್ನೂ ಹಿತ್ತಲಲ್ಲೇ ಇತ್ತು, ಯಾರೂ ಎತ್ತಿಟ್ಟಿರ್ಲಿಲ್ಲ. ಅವ್ಳಿಗೆ "ಸಕ್ಕತ್ತಾಗಿದೆ ಹೋಗು" ಅಂತ ಹೆಂಗ್ ಹೇಳೋದು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವ್ರೇ ಆ ಪಿಕ್ಚರ್ ನೋಡಿ ಹೊರಗ್ ಬಂದು ಕ್ಯಾಮೆರಾ ಮುಂದೆ ಅತ್ತಿದ್ರು. ನಾನು ಕಥೆ ಹೇಳ್ಲಿಲ್ಲ, ಇಷ್ಟೇ ಹೇಳಿದೆ, "ಪಿಕ್ಚರ್ ತುಂಬಾ ಚೆನ್ನಾಗಿದೆ, ಆದ್ರೆ ಈ ತಿಂಗಳು ಬೇಡ, ಥಿಯೇಟರಲ್ಲಿ ಒಬ್ಳೇ ಅಂತೂ ಬೇಡ, ನೀನ್ ಯಾವಾಗ ರೆಡಿ ಅಂತ ಹೇಳು ನಾನೂ ಬರ್ತೀನಿ". ಒಂದು ವರ್ಷ ಆದ್ಮೇಲೆ ಮನೇಲಿ ಇಬ್ರೂ ಕೂತು ನೋಡಿದ್ವಿ. ಹಂಗಾಗಿ ಸಾವು, ಆತ್ಮಹತ್ಯೆ, ಮಕ್ಕಳಿಗೆ ಹೊಡೆಯೋದು, ಹೆಣ್ಮಕ್ಕಳ ಮೇಲೆ ದೌರ್ಜನ್ಯ, ಆಸ್ಪತ್ರೆ ಸೀನು, ಇಂಥದ್ದು ಇದ್ರೆ ಯಾರಿಗೆ ಏನ್ ನೋವಿದೆ ಅಂತ ಗೊತ್ತಿರೋ ನಾವು ಮುಂಚೆನೇ ಮೆಲ್ಲಗೆ ಹೇಳ್ಬೇಕು, ಗ್ರೂಪಲ್ಲಿ ಅಲ್ಲ, ಅವ್ರೊಬ್ರಿಗೇ.

ಮಕ್ಕಳು ಇರೋ ಮನೆಯವ್ರಿಗೆ ಸರ್ಟಿಫಿಕೇಟ್ ನೋಡಿ ಹೇಳೋದು ಒಳ್ಳೇದು. ಮೊದ್ಲು ಯು (ಎಲ್ರಿಗೂ), ಯು/ಎ (ಚಿಕ್ಕ ಮಕ್ಳಿಗೆ ತೋರಿಸ್ಬೋದಾ ಅಂತ ಅಪ್ಪ ಅಮ್ಮ ನೋಡ್ಕೋಬೇಕಾದ್ದು), ಎ (ದೊಡ್ಡವ್ರಿಗೆ ಮಾತ್ರ) ಅಂತಿತ್ತು, 2024ರ ಕೊನೆಯಿಂದ ಯುಎ ಅನ್ನೋದ್ರಲ್ಲೇ 7+, 13+, 16+ ಅಂತ ಮೂರು ಮಾಡಿದಾರೆ, ಬುಕ್ ಮಾಡೋ ಆಪಲ್ಲೇ ಕಾಣುತ್ತೆ. ಆದ್ರೂ ಸರ್ಟಿಫಿಕೇಟ್ ಎಲ್ಲಾ ಹೇಳಲ್ಲ, ಒಂಬತ್ತು ವರ್ಷದ ಹುಡ್ಗ ಕತ್ತಲಿಗೆ ಹೆದರ್ತಾನಾ ಜೋರು ಸೌಂಡ್‌ಗೆ ಅಳ್ತಾನಾ ಅನ್ನೋದು ಸೆನ್ಸಾರ್ ಬೋರ್ಡ್‌ಗೆ ಗೊತ್ತಿರಲ್ಲ, ಅತ್ತೆಗೆ ಚಿಕ್ಕಮ್ಮಂಗೆ ಗೊತ್ತಿರುತ್ತೆ, ಅವ್ರಿಗೆ ಬೇಕಾದ ಮಾಹಿತಿ ನೀವು ಕೊಡಿ. ಎಷ್ಟು ಹೊತ್ತಿದೆ ಪಿಕ್ಚರು ಅನ್ನೋದೂ ಹೇಳಿ, ಮೂರು ಗಂಟೆ ಅಂದ್ರೆ ಮಂಡಿ ನೋವಿರೋ ದೊಡ್ಡಮ್ಮ ಮೊದಲೇ ಅಂಚಿನ ಸೀಟು ಬುಕ್ ಮಾಡಿಸ್ಕೋತಾರೆ.

ಈಗ ನನಗೆ ತುಂಬಾ ಸಿಟ್ಟು ಬರೋ ಒಂದು ಪದದ ಬಗ್ಗೆ. ಲ್ಯಾಗ್. ಸುಮ್ನೆ ಎಳೆದಿದಾರೆ ಅಂತ ಅರ್ಥ, ಎಲ್ಲದಕ್ಕೂ ಲ್ಯಾಗ್. ಫೈಟ್ ಇಲ್ಲ ಅಂದ್ರೆ ಲ್ಯಾಗ್, ಹೀರೋ ಐದು ನಿಮಿಷ ಸುಮ್ನೆ ಕೂತ್ರೆ ಲ್ಯಾಗ್. ನಿಧಾನ ಬೇರೆ, ಲ್ಯಾಗ್ ಬೇರೆ ಕಣ್ರೀ. ಸಪ್ತ ಸಾಗರದಾಚೆ ಎಲ್ಲೋ 2023ರಲ್ಲಿ ಎರಡು ಭಾಗವಾಗಿ ಬಂತು, ಸೈಡ್ ಎ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಆಗ ನಮ್ ಗ್ಯಾಂಗಲ್ಲಿ ಅರ್ಧ ಜನ "ಲ್ಯಾಗೋ ಲ್ಯಾಗು", ಅರ್ಧ ಜನ "ಕಾವ್ಯ ಕಣ್ರೋ". ಆ ಪಿಕ್ಚರಲ್ಲಿ ಕಾಯೋದೇ ಕಥೆ. ಒಬ್ಬ ಒಳಗೆ, ಒಬ್ಳು ಹೊರಗೆ, ಮಧ್ಯೆ ಜೈಲಿನ ಗೋಡೆ. ಕಾಯೋದನ್ನ ಸರಸರ ತೋರ್ಸಿದ್ರೆ ಕಾಯ್ದಂಗೆ ಆಗುತ್ತಾ? ಸೈಡ್ ಎ ಪೂರ್ತಿ ನೀಲಿ, ಸೈಡ್ ಬಿ ಪೂರ್ತಿ ಕೆಂಪು, ಬಟ್ಟೆ ಗೋಡೆ ಬೆಳಕು ಎಲ್ಲದರಲ್ಲೂ, ಅದು ಕಣ್ಣಿಗೆ ಬೀಳ್ಬೇಕು ಅಂದ್ರೂ ಹೊತ್ತು ಬೇಕಲ್ವಾ. ಹಾಗಂತ ನಿಧಾನ ಇರೋದೆಲ್ಲಾ ಒಳ್ಳೇದು ಅಂತ ನಾನ್ ಹೇಳ್ತಿಲ್ಲ. ಪರೀಕ್ಷೆ ಮಾಡೋದು ಹೆಂಗೆ ಅಂದ್ರೆ, ಆ ಸೀನ್ ತೆಗೆದ್ಹಾಕಿದ್ರೆ ಕಥೆಲೋ ಪಾತ್ರದ ಬಗ್ಗೆ ನಮಗಿರೋ ಭಾವನೆಲೋ ಏನಾದ್ರೂ ಕಮ್ಮಿ ಆಗುತ್ತಾ ಅಂತ ಕೇಳ್ಕೊಳ್ಳಿ. ಕಮ್ಮಿ ಆಗುತ್ತೆ ಅಂದ್ರೆ ಅದು ನಿಧಾನ, ಏನೂ ಆಗಲ್ಲ ಅಂದ್ರೆ ಲ್ಯಾಗ್. ಹೀರೋ ಸ್ನೇಹಿತನ ಕಾಮಿಡಿ ಟ್ರ್ಯಾಕ್ ಹತ್ತು ನಿಮಿಷ ಸುಮ್ನೆ ಓಡ್ತಿದ್ರೆ ಅದು ಎಷ್ಟೇ ಸ್ಪೀಡಾಗಿದ್ರೂ ಲ್ಯಾಗೇ. ಇದನ್ನ ಬಿಡಿಸಿ ಹೇಳಿದ್ರೆ, ನಿಧಾನ ಇಷ್ಟಪಡೋ ನಮ್ಮಪ್ಪನಂಥವ್ರು ಹೋಗ್ತಾರೆ, ಇಷ್ಟ ಇಲ್ಲದೋರು ದುಡ್ಡು ಉಳಿಸ್ಕೋತಾರೆ.

ಮೊದಲ ಭಾಗ ನೋಡಿರ್ಬೇಕಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಅದಕ್ಕೂ ನೇರ ಉತ್ತರ ಇಟ್ಕೊಳ್ಳಿ. ಸೈಡ್ ಬಿ ನೋಡೋಕೆ ಸೈಡ್ ಎ ನೋಡಿರಲೇಬೇಕು. 2025ರ ಅಕ್ಟೋಬರ್ 2ಕ್ಕೆ ಬಂದ ಕಾಂತಾರ ಚಾಪ್ಟರ್ 1 ಹಿಂದಿನ ಕಾಲದ ಕಥೆ, ಮೊದಲ್ನೇದು ನೋಡ್ದೇ ಇದ್ರೂ ನಡೆಯುತ್ತೆ. ಅಷ್ಟೇ.

ಭಾಷೆ ಬಗ್ಗೆನೂ ಹೇಳಿ. ಕರಾವಳಿ ಕನ್ನಡ, ಉತ್ತರ ಕರ್ನಾಟಕದ ಕನ್ನಡ, ಮಂಡ್ಯದ ಕನ್ನಡ ಇರೋ ಪಿಕ್ಚರ್‌ಗಳು ಈಗ ಬರ್ತಿರೋದೇ ನನಗೆ ದೊಡ್ಡ ಖುಷಿ, ಆದ್ರೆ ಧಾರವಾಡದ ನಮ್ ಸೋದರತ್ತೆಗೆ ಮಂಗಳೂರಿನವ್ರು ಫಾಸ್ಟಾಗಿ ಮಾತಾಡಿದ್ರೆ ಮೊದಲ ಹದಿನೈದು ನಿಮಿಷ ಕಷ್ಟ ಆಗುತ್ತೆ, "ಅತ್ತೀ ಸ್ವಲ್ಪ ಹೊತ್ತು ತಡಕೋರಿ, ಆಮ್ಯಾಲೆ ಕಿವಿ ಹೊಂದ್ಕೋತದ" ಅಂತ ಹೇಳಿದ್ರೆ ಅವ್ರು ಎದ್ದು ಬರಲ್ಲ.

ಸೀರಿಯಲ್, ಬಿಗ್ ಬಾಸ್ ಬಗ್ಗೆ ಮಾತಾಡೋ ಕ್ರಮ ಸ್ವಲ್ಪ ಬೇರೆ. ಪಿಕ್ಚರ್ ಒಂದ್ಸಲ ಮುಗಿಯುತ್ತೆ, ಸೀರಿಯಲ್ ದಿನಾ ರಾತ್ರಿ ನಮ್ಮನೆ ಹಾಲಿಗೆ ಬರುತ್ತೆ. ಟಿ.ಎನ್. ಸೀತಾರಾಂ ಅವ್ರ ಧಾರಾವಾಹಿ ಕೋರ್ಟ್ ಸೀನ್ ಬಗ್ಗೆ ನಮ್ಮಜ್ಜ ಮಾರನೇ ದಿನ ಪಾರ್ಕಲ್ಲಿ ವಾದ ಮಾಡ್ತಿದ್ರಂತೆ, ಆಮೇಲೆ ಅಮ್ಮ ಪುಟ್ಟಕ್ಕನ ಮಕ್ಕಳು ಬಗ್ಗೆ ಪಕ್ಕದ್ಮನೆ ಆಂಟಿ ಜೊತೆ ಕಾಂಪೌಂಡ್ ಹತ್ರ ನಿಂತು ಮಾತಾಡ್ತಿದ್ರು, ಎರಡೂ ಒಂದೇ ಪ್ರೀತಿ. ಅಮ್ಮನ ಮುಂದೆ ಹೋಗಿ "ಏನಮ್ಮ ಇದು, ಅದೇ ಅತ್ತೆ ಅದೇ ಸೊಸೆ" ಅನ್ನೋದು ಮಾತುಕತೆ ಅಲ್ಲ, ಬಾಗಿಲು ಹಾಕಿದಂಗೆ. ಅದ್ರ ಬದ್ಲು "ಉಮಾಶ್ರೀ ಅವ್ರು ಏನೂ ಮಾತಾಡ್ದೇ ಬರೀ ನೋಡ್ತಾರಲ್ಲ, ಆ ಸೀನ್ ನಿಂಗೆ ಹೆಂಗನ್ನಿಸ್ತು" ಅಂತ ಕೇಳಿ ನೋಡಿ, ಅಮ್ಮ ನಿಮಗಿಂತ ಚೆನ್ನಾಗಿ ನಟನೆ ಬಗ್ಗೆ ಮಾತಾಡ್ತಾರೆ. ಗುರುವಾರ ಟಿಆರ್‌ಪಿ (ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕ) ಬಂದಾಗ ಯಾವ ಸೀರಿಯಲ್ ಮೇಲೆ ಯಾವ್ದು ಕೆಳಗೆ ಅಂತ ಮಾತಾಡೋದು ಮಜಾ, ಮಾತಾಡಿ, ಆದ್ರೆ ನಂಬರ್ ಒಂದೇ ಹಿಡ್ಕೊಂಡು ಸೀರಿಯಲ್ ಚೆನ್ನಾಗಿದೆ ಚೆನ್ನಾಗಿಲ್ಲ ಅಂತ ತೀರ್ಪು ಕೊಡೋಕಾಗಲ್ಲ, ಟೈಮ್ ಬದಲಾಯಿಸಿದ್ರೂ ನಂಬರ್ ಬೀಳುತ್ತೆ.

ಬಿಗ್ ಬಾಸ್‌ಗೆ ಒಂದೇ ನಿಯಮ ಸಾಕು, ಕ್ಲಿಪ್ ನೋಡಿ ಜಗಳ ಆಡ್ಬೇಡಿ. ಮೂವತ್ತು ಸೆಕೆಂಡ್ ಪ್ರೋಮೋಲಿ ಒಬ್ರು ಕಿರುಚಿರ್ತಾರೆ, ಯಾಕೆ ಕಿರುಚಿದ್ರು ಅನ್ನೋದು ಎಪಿಸೋಡಲ್ಲಿ ಇರುತ್ತೆ. 2013ರಿಂದ ಸುದೀಪ್ ಅವ್ರು ವಾರದ ಕೊನೆಗೆ ಬಂದು ಪಂಚಾಯ್ತಿ ಮಾಡ್ತಾರಲ್ಲ, ಅದನ್ನ ನೋಡಿದ್ರೆ ಗೊತ್ತಾಗುತ್ತೆ, ಅವ್ರು ಎಷ್ಟೋ ಸಲ "ಅದಕ್ಕಿಂತ ಮುಂಚೆ ಏನಾಯ್ತು ಹೇಳಿ" ಅನ್ನೋ ಥರಾನೇ ಕೇಳೋದು. ಮನೆ ಒಳಗಿರೋರು ನಿಜವಾದ ಮನುಷ್ಯರು, ಅವ್ರಿಗೆ ಅಪ್ಪ ಅಮ್ಮ ಇದಾರೆ, ಆಟ ಬೈರಿ, ಮನುಷ್ಯನ್ನ ಅವ್ರ ಊರನ್ನ ಅವ್ರ ಮಾತಿನ ಶೈಲಿನ ಬೈಬೇಡಿ. 11ನೇ ಸೀಸನಲ್ಲಿ ವೈಲ್ಡ್ ಕಾರ್ಡಲ್ಲಿ, ಅಂದ್ರೆ ಆಟ ಶುರುವಾದ್ಮೇಲೆ ಮಧ್ಯದಲ್ಲಿ ಒಳಗೆ ಹೋದ ಹನುಮಂತ ಗೆದ್ದು ಬಂದಾಗ, ಮೊದ್ಲು ಅವ್ರ ಮಾತು ಕೇಳಿ ನಕ್ಕಿದ್ದೋರೇ ನಮ್ ಗ್ರೂಪಲ್ಲಿ ಅವ್ರ ಹಾಡು ಫಾರ್ವರ್ಡ್ ಮಾಡ್ತಿದ್ರು.

ಇನ್ನು ಫ್ರೆಂಡ್ಸ್ ಜೊತೆ ಕಾಲೆಳೆಯೋದು. ಇದಿಲ್ದೇ ಇದ್ರೆ ಪಿಕ್ಚರ್ ನೋಡಿದ ಮಜಾನೇ ಇಲ್ಲ. ನಮ್ ಗ್ಯಾಂಗಲ್ಲಿ ಒಬ್ಬ ಶಿವಣ್ಣನ ಅಭಿಮಾನಿ, ಒಬ್ಬ ಕಿಚ್ಚನ ಅಭಿಮಾನಿ, ಒಬ್ಳು ಉಪ್ಪಿ ಅಂದ್ರೆ ಪ್ರಾಣ ಬಿಡ್ತಾಳೆ, 2024ರ ಡಿಸೆಂಬರಲ್ಲಿ ಉಪ್ಪಿ ಪಿಕ್ಚರ್ ಯುಐ 20ಕ್ಕೆ, ಕಿಚ್ಚನ ಮ್ಯಾಕ್ಸ್ 25ಕ್ಕೆ ಬಂದಾಗ ಐದು ದಿನ ಫೋನ್ ಬಿಸಿ ಇಳೀಲಿಲ್ಲ. ಕಾಲೆಳೆಯೋವಾಗ ಪಿಕ್ಚರಲ್ಲಿರೋದನ್ನೇ ಎಳೀರಿ, ಎಂಟ್ರಿ ಸೀನು, ಕನ್ನಡಕ, ಸ್ಲೋ ಮೋಷನ್, ವಿಗ್ಗು, ಇವೆಲ್ಲಾ ನಗೋಕೆ ಇರೋದೇ. ನಟರ ಮನೆ ವಿಷ್ಯ, ಹೆಂಡ್ತಿ ಮಕ್ಳು, ಕಾಯಿಲೆ, ಜಾತಿ, ತೀರ್ಕೊಂಡಿರೋರ ಹೆಸ್ರು, ಇದು ಬಂತು ಅಂದ್ರೆ ಅಲ್ಲಿಗೆ ಮಾತು ನಿಲ್ಸಿ. ನಾನಂತೂ ನೇರ ಹೇಳ್ತೀನಿ, "ಮಗಾ ಪಿಕ್ಚರ್ ಬಗ್ಗೆ ಮಾತಾಡು, ಇಲ್ಲ ಊಟ ಆಯ್ತಾ ಅಂತ ಕೇಳು" ಅಂತ. ಎದುರಿನವ್ನಿಗೆ ಇಷ್ಟ ಆದ ಪಿಕ್ಚರ್ ನಿಮಗೆ ಇಷ್ಟ ಆಗ್ಲಿಲ್ಲ ಅಂದ್ರೆ ಮೊದ್ಲು ಅವ್ನಿಗೆ ಯಾವ ಸೀನ್ ಇಷ್ಟ ಆಯ್ತು ಅಂತ ಕೇಳಿ, ಆಮೇಲೆ ನಿಮ್ಮ ತಕರಾರು ಹೇಳಿ. ಎಷ್ಟೋ ಸಲ ಅವ್ನು ಹೇಳಿದ್ಮೇಲೆ ನಾನ್ ನೋಡ್ದೇ ಬಿಟ್ಟಿದ್ದು ಕಂಡಿದೆ.

ಕೋಟಿ ಲೆಕ್ಕದಲ್ಲಿ ಜಗಳ ಆಡೋರು ಒಂದು ವಿಷ್ಯ ತಿಳ್ಕೊಂಡು ಆಡಿ. ಗ್ರಾಸ್ ಅಂದ್ರೆ ಟಿಕೆಟ್ ಮಾರಿದ ಪೂರ್ತಿ ದುಡ್ಡು, ನೆಟ್ ಅಂದ್ರೆ ಅದರಲ್ಲಿ ಟ್ಯಾಕ್ಸ್ ಕಳೆದಿದ್ದು, ಶೇರ್ ಅಂದ್ರೆ ಥಿಯೇಟರಿನವ್ರ ಪಾಲು ಹೋಗಿ ಹಂಚಿಕೆದಾರರಿಗೆ ಉಳಿಯೋದು. ಒಬ್ಬ ತನ್ನ ಹೀರೋದು ಗ್ರಾಸ್ ಹೇಳಿ ಇನ್ನೊಬ್ಬ ತನ್ನ ಹೀರೋದು ಶೇರ್ ಹೇಳಿದ್ರೆ ಬೆಳಗಾಗೋವರ್ಗೂ ಮುಗಿಯಲ್ಲ. ಮತ್ತೆ ಪಿಕ್ಚರ್ ಎಷ್ಟು ದುಡ್ಡು ಮಾಡ್ತು ಅನ್ನೋದು ಚಿಕ್ಕಮ್ಮನ ಪ್ರಶ್ನೆಗೆ ಉತ್ತರನೂ ಅಲ್ಲ.

ಸ್ಟೇಟಸ್‌ಗೆ ಪರದೆ ರೆಕಾರ್ಡ್ ಮಾಡಿ ಹಾಕೋದು ದಯವಿಟ್ಟು ಬಿಡಿ. ಹೀರೋ ಎಂಟ್ರಿ ಹತ್ತು ಸೆಕೆಂಡ್ ಅಷ್ಟೇ ಅಂತ ಅನ್ಸುತ್ತೆ, ಆದ್ರೆ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿ ಆದ್ಮೇಲೆ ಥಿಯೇಟರಲ್ಲಿ ಕದ್ದು ರೆಕಾರ್ಡ್ ಮಾಡಿದ್ರೆ ಮೂರು ತಿಂಗಳಿಂದ ಮೂರು ವರ್ಷದವರ್ಗೂ ಜೈಲು, ದಂಡ ಶುರುವಾಗೋದೇ 3 ಲಕ್ಷದಿಂದ. ಟಿಕೆಟ್ ಫೋಟೋ ಹಾಕಿ, ಹೊರಗಿರೋ ಕಟೌಟ್ ಫೋಟೋ ಹಾಕಿ, ಅದೇ ಚೆಂದ.

ಕೊನೇದಾಗಿ ಯಾವಾಗ ಹೇಳ್ಬೇಕು ಅನ್ನೋದು, ಇದು ಚಿಕ್ಕ ಪಿಕ್ಚರ್‌ಗಳಿಗೆ ಉಳಿವಿನ ಪ್ರಶ್ನೆ. ಈಗೀಗ ವರ್ಷಕ್ಕೆ 200ಕ್ಕೂ ಜಾಸ್ತಿ ಕನ್ನಡ ಪಿಕ್ಚರ್ ಬರ್ತಿವೆ, ಶುಕ್ರವಾರ ಬಂದಿದ್ದಕ್ಕೆ ಭಾನುವಾರದೊಳಗೆ ಜನ ಬರ್ಲಿಲ್ಲ ಅಂದ್ರೆ ಸೋಮವಾರನೇ ಶೋ ಕಮ್ಮಿ, ಮುಂದಿನ ಶುಕ್ರವಾರ ಆ ಜಾಗಕ್ಕೆ ಬೇರೆದು ಕೂತಿರುತ್ತೆ. ಪೋಸ್ಟರ್‌ಗೂ ದುಡ್ಡಿಲ್ಲದ ತಂಡಕ್ಕೆ ನಮ್ ಬಾಯಿ ಮಾತೇ ಪೋಸ್ಟರ್ರು. ಅದಕ್ಕೇ ಚಿಕ್ಕ ಪಿಕ್ಚರ್ ಇಷ್ಟ ಆದ್ರೆ ಅವತ್ತೇ ರಾತ್ರಿ ಹೇಳಿ, ಯಾವ ಥಿಯೇಟರಲ್ಲಿ ಎಷ್ಟು ಗಂಟೆ ಶೋ ಇದೆ ಅಂತಾನೂ ಸೇರ್ಸಿ, ಯಾಕಂದ್ರೆ ಹುಡುಕೋಕೆ ಹೋದವ್ರಿಗೆ ಶೋ ಸಿಗದೇ ಬಿಟ್ಬಿಡೋದೇ ಜಾಸ್ತಿ. ಇಷ್ಟ ಆಗ್ಲಿಲ್ಲ ಅಂದ್ರೆ ಸುಳ್ಳು ಹೇಳ್ಬೇಡಿ, "ಕನ್ನಡ ಪಿಕ್ಚರ್ ಉಳೀಬೇಕು ಅದಕ್ಕೆ ಚೆನ್ನಾಗಿದೆ ಅನ್ನಿ" ಅನ್ನೋದನ್ನ ನಾನ್ ಒಪ್ಪಲ್ಲ, ಒಂದ್ಸಲ ಸುಳ್ಳು ಹೇಳಿದ್ರೆ ಮುಂದಿನ ಸಲ ನಿಜ ಹೇಳಿದ್ರೂ ಯಾರೂ ಹೋಗಲ್ಲ. ಏನು ಸರಿ ಬರ್ಲಿಲ್ಲ ಅಂತ ಒಂದು ಕಾರಣ ಕೊಟ್ಟು, ಏನು ಸರಿ ಬಂತು ಅಂತ ಒಂದು ಹೇಳಿ, ಇಲ್ಲ ಅಂದ್ರೆ ಯಾರಾದ್ರೂ ಕೇಳೋವರ್ಗೂ ಸುಮ್ನಿರಿ.

2025ರ ಜುಲೈ 25ಕ್ಕೆ ಸು ಫ್ರಮ್ ಸೋ ಬಂದಾಗ ದೊಡ್ಡ ಹೀರೋ ಯಾರೂ ಇರ್ಲಿಲ್ಲ, ಜೆ.ಪಿ. ತುಮಿನಾಡು ಅವ್ರು ಬರೆದು ನಿರ್ದೇಶನ ಮಾಡಿ ನಟಿಸಿದ್ದು, ಶುಕ್ರವಾರ ಶೋ ಕಮ್ಮಿ. ನಾನು ಅವತ್ತೇ ರಾತ್ರಿ ಹತ್ತೂವರೆಗೆ ಚಿಕ್ಕಮ್ಮಂಗೆ ಕಳ್ಸಿದ್ದನ್ನ ಹಂಗೇ ಹಾಕ್ತೀನಿ:

"ಚಿಕ್ಕಮ್ಮ, ಮಾಲಲ್ಲಿ ನೋಡಿದೆ, ಏಳು ಗಂಟೆ ಶೋ, ಮುಕ್ಕಾಲು ಹಾಲ್ ತುಂಬಿತ್ತು, ನಕ್ಕೂ ನಕ್ಕೂ ಪಕ್ಕದ ಅಜ್ಜಂಗೆ ಕೆಮ್ಮು ಬಂತು. ಕರಾವಳಿ ಕಡೆ ಊರು, ಒಬ್ಬಂಗೆ ದೆವ್ವ ಹಿಡಿದಿದೆ ಅಂತ ಊರಿಗೆ ಊರೇ ಸೇರುತ್ತೆ. ಯಾರ ಮನೇಲಿ ಏನಾದ್ರೂ ಆದ್ರೆ ನಮ್ ಬೀದಿ ಜನ ಹೆಂಗ್ ಬಂದು ಅಂಗಳದಲ್ಲಿ ನಿಂತ್ಕೋತಾರೋ ಥೇಟ್ ಹಂಗೆ. ಹೆದರೋಷ್ಟು ದೆವ್ವ ಇಲ್ಲ, ಆದ್ರೆ ಚಿಕ್ಕೋನು ಕತ್ಲೆಗೆ ಹೆದರ್ತಾನಲ್ಲ, ಮಧ್ಯೆ ಕೂರ್ಸ್ಕೊಳ್ಳಿ. ಕುಡಿಯೋ ಸೀನ್ ಇದೆ. ಸೆಕೆಂಡ್ ಹಾಫಲ್ಲಿ ಸ್ವಲ್ಪ ಹೊತ್ತು ನಗು ಕಮ್ಮಿ ಆಗುತ್ತೆ, ಅದು ಬೇಕಾಗಿದ್ದೇ, ಎದ್ದು ಬರ್ಬೇಡಿ. ಮಾತು ಮಂಗಳೂರು ಕಡೇದು, ಹತ್ತು ನಿಮಿಷದಲ್ಲಿ ಅಭ್ಯಾಸ ಆಗುತ್ತೆ. ಎರಡೂಕಾಲು ಗಂಟೆ ಹತ್ರ ಹತ್ರ. ಹೆಸರಿನ ಅರ್ಥ ಯಾರನ್ನೂ ಕೇಳ್ಬೇಡಿ. ನಾಳೆನೇ ಬುಕ್ ಮಾಡಿ, ಭಾನುವಾರಕ್ಕೆ ಸಿಗುತ್ತೋ ಇಲ್ವೋ."

ಬೆಳಗ್ಗೆ ಆರಕ್ಕೆ ಉತ್ತರ ಬಂದಿತ್ತು, "ಓದ್ದೆ ಕಣೇ, ಚಿಕ್ಕಪ್ಪಂಗೂ ಓದ್ ಹೇಳ್ದೆ". ಭಾನುವಾರ ಮಧ್ಯಾಹ್ನ ಇನ್ನೊಂದು ಮೆಸೇಜ್, "ನಿನ್ನೆ ಬುಕ್ ಮಾಡ್ಬೇಕಿತ್ತು, ಈಗ ನಾಲ್ಕು ಸೀಟ್ ಒಟ್ಟಿಗೆ ಎಲ್ಲೂ ಇಲ್ಲ. ಎರಡು ಅಲ್ಲಿ ಎರಡು ಇಲ್ಲಿ ಸಿಕ್ಕಿದೆ, ಚಿಕ್ಕೋನ್ನ ನಾನ್ ಇಟ್ಕೋತೀನಿ, ಬಂದು ಫೋನ್ ಮಾಡ್ತೀನಿ ಇರು".